ಅಗ್ಗದ ಚಕ್ರವರ್ತಿ

ಆಗುಂಬೆಯ 14 ತಿರುವುಗಳನ್ನಿಳಿದು ಉಡುಪಿಯ ಕೃಷ್ಣದರ್ಶನ ಮಾಡಬೇಕೆಂಬ ಸಂಕಲ್ಪದಿಂದ, ಕಾರಿನ ಸೀಟುಗಳಿಗೆ ಮಖಮಲ್ಲು ಹೊದಿಸುವಾಗ ಹಿಂದುಮುಂದು ನೋಡದಿದ್ದ ನಮ್ಮ ನೆರೆಮನೆಯ ರಾಯರು, ಸವೆದ ಟೈರುಗಳನ್ನು ಮಾತ್ರ ಮಿತವ್ಯಯದಿಂದ ಬದಲಿಸುವ ಸಲುವಾಗಿ, ನನ್ನನ್ನೂ ಕರೆದುಕೊಂಡು ಶಿವಮೊಗ್ಗೆಯ ಅಂಗಡಿಯೊಂದಕ್ಕೆ ದಯಮಾಡಿಸಿದರು.

"ಅರ್ಧ ಬೆಲೆ, ಸ್ವಾಮಿ! ಹೊಸದರ ತಮ್ಮನೆಂದೇ ತಿಳಿಯಿರಿ," ಎಂದನು ವರ್ತಕ.

ಟೈರೇನೋ ಎಣ್ಣೆ ಹಚ್ಚಿಸಿಕೊಂಡ ಮದುಮಗನಂತೆ ಮಿರುಗುತ್ತಿತ್ತು. ಆದರೆ ಅದರ ಪಕ್ಕೆಯ ಮೇಲೆ 2314 ಎಂಬ ನಾಲ್ಕಂಕಿಗಳ ಜಾತಕ, ಎಂದರೆ 2014ನೆಯ ಇಸವಿಯ 23ನೆಯ ವಾರದ ಜನನವೆಂಬ ಸಾಕ್ಷ್ಯ, ಯಾವ ಪಾಲಿಶಿಗೂ ಮಣಿಯದೆ ಉಳಿದಿತ್ತು.

"ಹುಟ್ಟಿ ದಶಕವಾಯಿತಲ್ಲಯ್ಯ?" ಎಂದೆನು ನಾನು.

"ಅಕ್ಕಿಯೂ ರಬ್ಬರೂ ಹಳೆಯದಾದಷ್ಟೂ ಒಳ್ಳೆಯದು, ಸ್ವಾಮಿ."

"ಪಕ್ಕೆಯಲ್ಲಿ ಬಿರುಕಿದೆ."

"ಗಾಳಿಯಾಡಲಿಕ್ಕೆ!"

"ಮಳೆಯಲ್ಲಿ ಬ್ರೇಕು ಹಿಡಿದೀತೆ?"

"ಮಳೆ ನಿಂತ ಕೂಡಲೆ ಹಿಡಿಯುತ್ತದೆ."

"ನಿನ್ನ ಕಾರಿಗೂ ಇದನ್ನೇ ಹಾಕಿದ್ದೀಯೊ?"

"ನಾನು ಮಕ್ಕಳೊಂದಿಗನು, ಸ್ವಾಮಿ, ಹೊಸದನ್ನು ಹಾಕಿಸಿದ್ದೇನೆ."

ಧಾವಿಸುವ ಕಾರು ನೆಲವನ್ನು ಮುಟ್ಟುವುದು ಒಂದೊಂದು ಟೈರಿನಿಂದಲೂ ಅಂಗೈಯಗಲದಷ್ಟು ಮಾತ್ರವೆಂಬುದನ್ನು ನಾನು ಎಷ್ಟು ನಿವೇದಿಸಿದರೂ, ರಾಯರು ಅರ್ಧ ಬೆಲೆಯ ಮೋಹಕ್ಕೆ ವಶರಾಗಿ ನಾಲ್ಕನ್ನೂ ಕೊಂಡರು.

ಉಡುಪಿಗೆ ನಾನು ಬಸ್ಸಿನಲ್ಲಿ ಹೋದೆನು.