ಕಾಫಿ ನಾಡಿನಲ್ಲಿ ಒಂದು ಲೋಟ ಕಾಫಿ ಸಿಗಬಹುದೇ, ಯಜಮಾನರೇ?

ಗಿರಿ ರಸ್ತೆಯ ‘ಅಪ್ಪಟ ಮಲೆನಾಡು ಶೈಲಿ ಊಟ ಮತ್ತು ಕಾಫಿ’ ಹೋಟೆಲಿನ ಯಜಮಾನರಿಗೆ,

ನಿಮ್ಮ ಹೋಟೆಲಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಪ್ರಚಾರವಾಗಿ ಮುಂದಿನ ವಾರ ಇನ್ನಷ್ಟು ಕಾರುಗಳು ನಿಮ್ಮ ಅಂಗಳಕ್ಕೆ ಬಂದು ನಿಂತಾವು. ಅಲ್ಲದೆ ಆ ಬೋರ್ಡು ನಿಮ್ಮೊಬ್ಬರದೇ ಅಲ್ಲ. ಅಕ್ಷರ ಅದೇ, ಬಣ್ಣ ಮಾತ್ರ ಬೇರೆ ಅನ್ನುವಂತೆ ಬೆಟ್ಟದ ದಾರಿಯುದ್ದಕ್ಕೂ ಬರೆಸಿಕೊಂಡವರಿದ್ದಾರೆ. ಓದುವಾಗ ಯಾರಿಗೆ ಚುರುಕ್ ಅನ್ನುತ್ತದೋ ಪತ್ರ ಅವರದು.

ಮೊನ್ನೆ ಭಾನುವಾರ ಮಧ್ಯಾಹ್ನ ನಿಮ್ಮಲ್ಲಿ ಟೋಕನ್ ಹಿಡಿದು ಬಿಸಿಲಲ್ಲಿ ನಿಂತಿದ್ದ ಜನರಲ್ಲಿ ನಾನೂ ಒಬ್ಬ. ನಾನು ಚಿಕ್ಕಮಗಳೂರು ಪೇಟೆಯವನೇ. ನನ್ನ ಜೊತೆ ಇದ್ದವರು ಧಾರವಾಡದ ಬೀಗರು ಮತ್ತು ಬೀಗಿತಿ. ಮದುವೆಯಾದ ಮೇಲೆ ಮೊದಲ ಸಲ ನಮ್ಮೂರಿಗೆ ಬಂದವರು. ಬೀಗರನ್ನು ಮೊದಲ ಸಲ ಊರು ತೋರಿಸಲು ಕರೆದುಕೊಂಡು ಹೋಗುವವನ ಎದೆಬಡಿತ ಎಷ್ಟಿರುತ್ತದೆ ಎಂದು ಮಕ್ಕಳ ಮದುವೆ ಮಾಡಿದವರಿಗೆಲ್ಲ ಗೊತ್ತು.

ಬೆಟ್ಟದ ಕಥೆಯನ್ನು ಮೊದಲು ಹೇಳಿ ಮುಗಿಸುತ್ತೇನೆ, ಅದರಲ್ಲಿ ನಿಮ್ಮ ಪಾಲು ಇಲ್ಲ. ಈಗ ಮುಳ್ಳಯ್ಯನಗಿರಿಗೆ ಹೋಗಬೇಕಾದರೆ ವಾಹನವನ್ನು ಮೊದಲೇ ಆನ್‌ಲೈನಿನಲ್ಲಿ ನೋಂದಾಯಿಸಬೇಕು. ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಒಳ್ಳೆಯದೇ. ಆದರೆ ನೋಂದಾಯಿಸಿಕೊಂಡು ಬಂದ ಮಹಾಶಯ ತಿರುವಿನ ನಡುಮಧ್ಯೆ ಕಾರು ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು, ಹಾಡು ಹಚ್ಚಿ, ಬಾನೆಟ್ಟಿನ ಮೇಲೆ ಹೆಂಡತಿಯನ್ನು ಕೂರಿಸಿ ರೀಲ್ಸ್ ತೆಗೆಯುವುದನ್ನು ಯಾವ ಆನ್‌ಲೈನು ತಡೆದೀತು? ಅವರ ರೀಲ್ಸ್ ಮೂವತ್ತು ಸೆಕೆಂಡಿನದು. ಸರಿ ಬರುವತನಕ ನಾವೆಲ್ಲ ಹಿಂದೆ ಸಾಲಾಗಿ ನಿಂತು ಹಾರ್ನ್ ಬಾರಿಸುತ್ತ ಅದಕ್ಕೆ ಹಿನ್ನೆಲೆ ಸಂಗೀತ ಕೊಟ್ಟೆವು.

ಮೇಲೆ ಹತ್ತಿದರೆ ಫೆಬ್ರವರಿಯ ಬಿಸಿಲು. 1930 ಮೀಟರ್ ಎತ್ತರ, ಕರ್ನಾಟಕದ ನೆತ್ತಿ, ಹೊಂಬಣ್ಣಕ್ಕೆ ತಿರುಗಿದ ಹುಲ್ಲು, ತಲೆ ಮರೆಸಿಕೊಳ್ಳಲು ಒಂದು ಮರವಿಲ್ಲ. ಆಕಾಶ ನಿಚ್ಚಳ. ನನಗಂತೂ ಗಿರಿಯನ್ನು ನೋಡಬೇಕಾದ ಕಾಲವೇ ಇದು, ಸಾಲು ಸಾಲು ಬೆಟ್ಟ ಬೆನ್ನು ತೋರಿಸಿಕೊಂಡು ಮಲಗಿರುವುದು ಈಗಲೇ ಕಾಣುವುದು. ಆದರೆ ಫೋಟೋಗಳಲ್ಲಿ ಬರೀ ಮೋಡ ನೋಡಿ ಬಂದ ಬೀಗಿತಿಯವರು ಸೆರಗನ್ನು ತಲೆಗೆ ಹೊದ್ದು, ‘ಮಂಜು ಎಷ್ಟು ಗಂಟೇಕ ಬಿಡ್ತಾರ್ರೀ?’ ಎಂದು ಕೇಳಿದರು. ಡ್ಯಾಮಿನ ನೀರಿನ ಹಾಗೆ ಮಂಜನ್ನೂ ಯಾರೋ ಇಂಜಿನಿಯರರು ಹೊತ್ತು ನೋಡಿ ಬಿಡುತ್ತಾರೆ ಎಂದು ಅವರ ನಂಬಿಕೆ. ‘ಜೂನ್‌ನಲ್ಲಿ’ ಎಂದೆ. ಗಾಳಿಕೆರೆ, ಮಾಣಿಕ್ಯಧಾರೆ ಎಲ್ಲ ಪಟ್ಟಿಯಲ್ಲೇ ಉಳಿದವು. ಹೊಟ್ಟೆ ಹಸಿದಿತ್ತು, ಇಳಿದು ಬಂದೆವು. ಇಷ್ಟಕ್ಕೆ ನಾನು ಯಾರಿಗೂ ಪತ್ರ ಬರೆಯುತ್ತಿರಲಿಲ್ಲ.

ಇನ್ನು ನಿಮ್ಮ ಸರದಿ.

ನಿಮ್ಮ ಹೋಟೆಲಿನ ಒಳಾಂಗಣ ಬಹಳ ಚೆನ್ನಾಗಿದೆ. ಗೋಡೆಗೆ ಕೆಮ್ಮಣ್ಣಿನ ಬಣ್ಣ, ಮೂಲೆಯಲ್ಲಿ ಒನಕೆ, ತೊಲೆಗೆ ಕಂಬಳಿಕೊಪ್ಪೆ, ಬಾಗಿಲಲ್ಲಿ ಬೀಸುಕಲ್ಲು. ಬೀಗಿತಿಯವರು ಆಸೆಯಿಂದ ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸಲು ಹೋದರು. ತಿರುಗಲಿಲ್ಲ. ಸಿಮೆಂಟ್ ಹಾಕಿ ಕೂರಿಸಿದ್ದೀರಿ. ಆಗಲೇ ನನಗೆ ನಿಮ್ಮ ಅಡುಗೆಮನೆಯ ಬಗ್ಗೆ ಸಣ್ಣ ಅನುಮಾನ ಹುಟ್ಟಬೇಕಿತ್ತು, ಹಸಿವು ಬಿಡಲಿಲ್ಲ.

ಕೂತ ಮೇಲೆ ಕಡುಬು ಕೇಳಿದೆ. ‘ಸೀಸನ್ ಅಲ್ಲ ಸಾರ್.’ ಅಕ್ಕಿ ರೊಟ್ಟಿ? ‘ಸೀಸನ್ ಅಲ್ಲ ಸಾರ್.’ ಒಂದೆಲಗದ ತಂಬುಳಿ? ‘ಸೀಸನ್ ಅಲ್ಲ ಸಾರ್.’ ಕಳಲೆ ಕೇಳಿದ್ದರೆ ಈ ಉತ್ತರ ಸರಿ, ಅದು ಮಳೆಗಾಲದ್ದು. ಪತ್ರೊಡೆಗೂ ಮಾಫಿ, ಕೆಸುವಿಗೆ ಮಳೆ ಬೀಳಬೇಕು. ಆದರೆ ಅಕ್ಕಿಗೂ ನೀರಿಗೂ ಉಪ್ಪಿಗೂ ಸೀಸನ್ ಇರುವ ವಿಷಯ ನನಗೆ ಹೊಸದು. ಹಾಗಾದರೆ ಸೀಸನ್ ಇರುವುದು ಯಾವುದಕ್ಕೆ ಎಂದರೆ ಆ ಹುಡುಗ ಉಸಿರು ಬಿಡದೆ ಒಪ್ಪಿಸಿದ: ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲಾ, ತಂದೂರಿ ರೋಟಿ, ಮ್ಯಾಗಿ. ಇವು ನಮ್ಮ ಗಿರಿಯಲ್ಲಿ ವರ್ಷವಿಡೀ ಫಲ ಕೊಡುವ ಬೆಳೆಗಳು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲೋ ದೂರದ ರಾಜ್ಯದಿಂದ ದುಡಿಯಲು ಬಂದವನು, ನೀವು ಕಲಿಸಿದ ಮೊದಲ ಕನ್ನಡ ವಾಕ್ಯವನ್ನು ಚಾಚೂ ತಪ್ಪದೆ ಹೇಳುತ್ತಿದ್ದಾನೆ.

ಬೀಗರು ದೊಡ್ಡ ಮನಸ್ಸಿನವರು. ‘ಇರ್ಲಿ ಬಿಡ್ರಿ ಬೀಗ್ರ, ರೊಟ್ಟಿ ನಮ್ಮನ್ಯಾಗ ದಿನಾ ತಿಂತೀವಿ. ನಿಮ್ಮೂರ ಕಾಫಿ ಕುಡಸ್ರಿ, ಸಾಕು’ ಎಂದರು.

ಯಜಮಾನರೇ, ಇಲ್ಲಿ ಸ್ವಲ್ಪ ನಿಲ್ಲಿ. ಅವರು ಚಹಾದ ನಾಡಿನವರು. ಬೆಳಗ್ಗೆ ಚಾ, ಹನ್ನೊಂದಕ್ಕೆ ಚಾ, ಯಾರಾದರೂ ಬಂದರೆ ಚಾ, ಬಂದವರು ಎದ್ದರೆ ಮತ್ತೊಂದು ಚಾ. ಅಂಥವರ ಬಾಯಲ್ಲಿ ‘ಕಾಫಿ ಕುಡಸ್ರಿ’ ಎಂಬ ಮಾತು ಬರಲು ಕಾರಣ ನಾನೇ. ದಾರಿಯುದ್ದಕ್ಕೂ ಕಣಗಳಲ್ಲಿ ಕಾಫಿ ಹರಡಿತ್ತು, ಹೆಣ್ಣಾಳುಗಳು ಕಾಲಿನಲ್ಲಿ ಕೆದರುತ್ತ ಒಣಗಿಸುತ್ತಿದ್ದರು. ಬೀಗರು ಕಾರಿನ ಗಾಜು ಇಳಿಸಿ ಮಗುವಿನಂತೆ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಬಾಬಾ ಬುಡನ್ ಅವರು ಯೆಮನ್‌ನಿಂದ 7 ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿ ಹೇಳಿದೆ. ಮಾರ್ಚ್–ಏಪ್ರಿಲ್‌ನ ಹೂ ಮಳೆ ಒಂದು ಹದ ತಪ್ಪಿದರೆ ಬೆಳೆಗಾರ ವರ್ಷವಿಡೀ ತಲೆ ಮೇಲೆ ಕೈ ಹೊತ್ತು ಕೂರುವುದನ್ನು ಹೇಳಿದೆ. ಕಾಫಿಯ ಸಂಶೋಧನೆಗೆಂದೇ ಬಾಳೆಹೊನ್ನೂರಿನ ಬಳಿ 1925ರಲ್ಲಿ ಕೇಂದ್ರ ತೆರೆದದ್ದು, ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗ ಕರ್ನಾಟಕದ್ದೇ ಎಂಬುದು, ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು, ಎಲ್ಲ ಹೇಳಿದೆ. ಒಬ್ಬ ಚಹಾ ಭಕ್ತನನ್ನು ಮತಾಂತರ ಮಾಡುವ ಉತ್ಸಾಹದಲ್ಲಿದ್ದೆ.

ಕಾಫಿ ಬಂತು. ಪೇಪರ್ ಕಪ್ಪಿನಲ್ಲಿ. ನಿಮ್ಮ ಕೌಂಟರಿನ ಮೇಲೆ ತಿಕ್ಕಿ ಥಳಥಳ ಮಾಡಿಟ್ಟ ಹಿತ್ತಾಳೆ ಫಿಲ್ಟರು ಇದೆಯಲ್ಲ, ಅದರ ಪಕ್ಕದಲ್ಲೇ ನಿಂತು ನಿಮ್ಮ ಹುಡುಗ ಕತ್ತರಿಯಿಂದ ಸ್ಯಾಷೆಯ ಮೂತಿ ಕತ್ತರಿಸಿ, ಬಿಸಿನೀರು ಸುರಿದು, ಹಾಲಿನ ಪುಡಿ ಉದುರಿಸಿ, ಪ್ಲಾಸ್ಟಿಕ್ ಕಡ್ಡಿಯಲ್ಲಿ ಕದಡಿದ್ದನ್ನು ನಾವೆಲ್ಲ ನೋಡಿದೆವು. ಫಿಲ್ಟರ್ ಕಾಫಿ ಇಲ್ಲವಾ ಎಂದರೆ, ಹೌದು, ಸರಿಯಾಗಿ ಊಹಿಸಿದಿರಿ: ‘ಸೀಸನ್ ಅಲ್ಲ ಸಾರ್.’

ರಸ್ತೆಯ ಆಚೆ ಬದಿಯ ಕಣದಲ್ಲಿ ಕಾಫಿ ಒಣಗುತ್ತಿದೆ. ನಿಮ್ಮ ಹಿತ್ತಿಲಿನ ಬೇಲಿಯೇ ಕಾಫಿ ಗಿಡ. ಆದರೂ ಸೀಸನ್ ಅಲ್ಲ!

ಬೀಗರು ಒಂದು ಗುಟುಕು ಕುಡಿದರು. ಏನೂ ಹೇಳಲಿಲ್ಲ. ಇನ್ನೊಂದು ಗುಟುಕು. ಆಮೇಲೆ ಬಹಳ ಸಂಕೋಚದಿಂದ, ನನಗೆ ನೋವಾಗದಂತೆ, ‘ನಮ್ಮ ಸ್ಟೇಷನ್ನಿನ ಚಾ ಇದಕ್ಕಿಂತ ಛಲೋ ಇರ್ತದ್ರೀ’ ಎಂದರು. ಒಂದು ಕಪ್ಪಿಗೆ 60 ರೂಪಾಯಿ ಕೊಟ್ಟು ನಾನು ಈ ಮಾತು ಕೊಂಡುಕೊಂಡೆ.

ಹೊರಡುವಾಗ ನೀವೇ ಗಲ್ಲಾದಲ್ಲಿ ಕೂತಿದ್ದಿರಿ. ನನ್ನ ಮುಖ ನೋಡಿ ಸಮಾಧಾನ ಮಾಡಬೇಕೆನಿಸಿತೋ ಏನೋ, ‘ಅಪ್ಪಟ ಎಸ್ಟೇಟ್ ಕಾಫಿ ಪುಡಿ ಇದೆ ಸಾರ್, ಮನೆಗೆ ತಗೊಂಡು ಹೋಗಿ’ ಎಂದು ಸೆಣಬಿನ ಚೀಲದಂತೆ ಕಾಣುವ ಪೊಟ್ಟಣ ಮುಂದಿಟ್ಟಿರಿ. ಮುಂದೆ ಬೆಟ್ಟದ ಚಿತ್ರ, ಬೀಜದ ಚಿತ್ರ, ಬುಟ್ಟಿ ಹೊತ್ತ ಹೆಂಗಸಿನ ಚಿತ್ರ. ಕನ್ನಡಕ ಹಾಕಿಕೊಂಡು ಹಿಂದೆ ಓದಿದೆ. ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು: ಕಾಫಿ 51, ಚಿಕೋರಿ 49.

ಕಾನೂನು ಪ್ರಕಾರ ನೀವು ಸರಿ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು, ಇಷ್ಟೇ ನಿಯಮ. ನೀವು ಆ ಗೆರೆಯ ಮೇಲೆ ಒಂದು ಕೂದಲೂ ಆಚೀಚೆ ಆಗದಂತೆ ನಿಂತಿದ್ದೀರಿ. ನಿಮ್ಮ ಪೊಟ್ಟಣದಲ್ಲಿ ಕಾಫಿ ಗೆದ್ದಿದೆ, ಆದರೆ ಶೇಕಡಾ 2ರ ಅಂತರದಲ್ಲಿ. ಮರು ಎಣಿಕೆ ಮಾಡಿಸಿದರೆ ಏನಾದೀತೋ. ಚಿಕೋರಿಯಾದರೋ ನಮ್ಮ ಗಿರಿಯಲ್ಲಿ ಬೆಳೆಯುವುದೇ ಇಲ್ಲ. ಗುಜರಾತಿನ ಜಾಮ್‌ನಗರದ ಕಡೆ, ಉತ್ತರ ಪ್ರದೇಶದ ಕಡೆ ಬೆಳೆಯುವ ಒಂದು ಬೇರು. ಬಾಬಾ ಬುಡನ್ ಅಷ್ಟು ದೂರದಿಂದ ಕಷ್ಟಪಟ್ಟು 7 ಬೀಜ ತಂದರೆ, ನಿಮ್ಮ ಲೆಕ್ಕದಲ್ಲಿ ಅವರು ತಂದದ್ದು ಮೂರೂವರೆ ಬೀಜ. ಉಳಿದ ಮೂರೂವರೆ ಜಾಮ್‌ನಗರದ್ದು.

ಚಿಕೋರಿ ಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಮನೆಗಳಲ್ಲಿ ಸ್ವಲ್ಪ ಚಿಕೋರಿ ಬೆರೆಸುತ್ತಾರೆ, ಡಿಕಾಕ್ಷನ್ ಗಟ್ಟಿ ಬರಲಿ ಎಂದು. ಅವರು ತಮ್ಮ ಮನೆ ಬಾಗಿಲಿಗೆ ‘ಅಪ್ಪಟ ಎಸ್ಟೇಟ್’ ಎಂದು ಬೋರ್ಡು ತೂಗುಹಾಕುವುದಿಲ್ಲ.

ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ನೀವು ಕೊಟ್ಟ ಕಾರಣವೂ ನೆನಪಿದೆ. ‘ಕಾಫಿ ರೇಟು ಆಕಾಶಕ್ಕೆ ಹೋಗಿದೆ ಸಾರ್, ನಮಗೆ ಕಟ್ಟಲ್ಲ.’ ಬೆಲೆ ಏರಿದ್ದು ನಿಜ. ಲೆಕ್ಕ ಹಾಕೋಣ ಬನ್ನಿ, ನಿಮ್ಮ ಗಲ್ಲಾದ ಕ್ಯಾಲ್ಕುಲೇಟರನ್ನೇ ತೆಗೆಯಿರಿ. ಒಂದು ಲೋಟಕ್ಕೆ ಧಾರಾಳವಾಗಿ 10 ಗ್ರಾಂ ಪುಡಿ. ಕಿಲೋಗೆ 1000 ರೂಪಾಯಿ ಎಂದೇ ಹಿಡಿಯಿರಿ, 10 ರೂಪಾಯಿ ಆಯಿತು. ಹಾಲು, ಸಕ್ಕರೆ, ಗ್ಯಾಸು, ಹುಡುಗನ ಕೂಲಿ, ಬೀಸುಕಲ್ಲಿಗೆ ಹಾಕಿದ ಸಿಮೆಂಟು, ಎಲ್ಲ ಸೇರಿಸಿ. 60 ರೂಪಾಯಿಯಲ್ಲಿ ಇನ್ನೂ ಉಳಿಯುತ್ತದೆ. ಹಾಲು ಬೇಡವೆಂದರೆ ತೋಟದ ಲೈನ್ ಮನೆಗಳಲ್ಲಿ ಕುಡಿಯುವ ಬೆಲ್ಲದ ಕಪ್ಪು ಕಾಫಿ ಕೊಡಿ. ಅದಕ್ಕೆ ಬೇಕಾದದ್ದು ಪುಡಿ, ಬೆಲ್ಲ, ನೀರು. ಬೀಗರು ಅದನ್ನು ಕುಡಿದಿದ್ದರೆ ಚಹಾ ಬಿಡುತ್ತಿದ್ದರು ಎನ್ನಲಾರೆ, ಆದರೆ ಸ್ಟೇಷನ್ ಚಾದ ಮಾತು ಎತ್ತುತ್ತಿರಲಿಲ್ಲ.

ವ್ಯಂಗ್ಯ ಸಾಕು, ನೇರವಾಗಿ ಹೇಳುತ್ತೇನೆ. ನನಗೆ ಸಿಟ್ಟು ಬಂದಿದೆ. ಇಬ್ಬನಿಯಲ್ಲಿ ಒದ್ದೆಯಾಗಿ, ಜಿಗಣೆ ಕಚ್ಚಿಸಿಕೊಂಡು, ಕೆಂಪು ಹಣ್ಣನ್ನೇ ಆರಿಸಿ ಕೊಯ್ಯುವ ಆಳುಗಳ ಫೋಟೋವನ್ನು ಗೋಡೆಗೆ ನೇತುಹಾಕಿ, ಅದರ ಕೆಳಗೇ ಕತ್ತರಿ ಹಿಡಿದು ಸ್ಯಾಷೆ ಕತ್ತರಿಸುತ್ತೀರಲ್ಲ, ಅದಕ್ಕೆ. ನಮ್ಮ ಕಾಫಿಯ ಬಹುಪಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಇಟಲಿಯವನಿಗೆ ಸಿಗುವುದು ಈ ಗಿರಿಯ ದಾರಿಯಲ್ಲಿ ಬಂದವನಿಗೆ ಸಿಗುವುದಿಲ್ಲ. ಪ್ರವಾಸಿಗರಿಗೆ ರುಚಿ ತಿಳಿಯುವುದಿಲ್ಲ, ಏನು ಕೊಟ್ಟರೂ ಕುಡಿದು, ಫೋಟೋ ತೆಗೆದುಕೊಂಡು ಹೋಗುತ್ತಾರೆ ಎಂದುಕೊಂಡಿದ್ದೀರಿ. ಧಾರವಾಡದ ಚಹಾದವರಿಗೆ ಎರಡೇ ಗುಟುಕಿನಲ್ಲಿ ತಿಳಿಯಿತು.

ಎರಡು ದಾರಿ ಇದೆ, ಯಜಮಾನರೇ. ಕೌಂಟರಿನ ಮೇಲಿನ ಆ ಹಿತ್ತಾಳೆ ಫಿಲ್ಟರಿಗೆ ಪುಡಿ ಹಾಕಿ, ಅದು ಆ ಕೆಲಸಕ್ಕೇ ಇರುವುದು. ಇಲ್ಲವಾದರೆ ಬೋರ್ಡಿನಲ್ಲಿರುವ ‘ಅಪ್ಪಟ’ಕ್ಕೆ ಬಣ್ಣ ಬಳಿದು ‘51’ ಎಂದು ಬರೆಸಿ. ‘51 ಮಲೆನಾಡು ಶೈಲಿ.’ ಯಾರೂ ನಿಮ್ಮನ್ನು ಪ್ರಶ್ನಿಸುವುದಿಲ್ಲ, ನಾನಂತೂ ಪತ್ರ ಬರೆಯುವುದಿಲ್ಲ.

ಗಿರಿಗೆ ಬರುವ ಓದುಗರಲ್ಲೂ ಒಂದು ಮನವಿ. ಬೆಟ್ಟ ಹತ್ತುವ ಮೊದಲು ಪೇಟೆಯಲ್ಲಿ ಇಳಿಯಿರಿ. ಬೀಜವನ್ನು ಹುರಿದು ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಗಳು ಇಲ್ಲಿ ಇನ್ನೂ ಇವೆ, ಚಿಕೋರಿ ಬೇಕೋ ಬೇಡವೋ ಎಂದು ಕೇಳಿಯೇ ತೂಗುತ್ತಾರೆ. ಬೇಡ ಎನ್ನಿ. ಮೇಲೆ ಎಲ್ಲಿ ಏನೇ ಕೊಂಡರೂ ಪೊಟ್ಟಣದ ಹಿಂಬದಿ ಓದದೆ ದುಡ್ಡು ಬಿಚ್ಚಬೇಡಿ.

ಇತಿ,
ಚಿಕ್ಕಮಗಳೂರು ಪೇಟೆಯ ಒಬ್ಬ ಕಾಫಿ ಕುಡುಕ