ಶಿರಸ್ತ್ರಾಣವಾಹಕ

ದ್ವಿಚಕ್ರ ವಾಹನ ಸವಾರರನ್ನು ಹೆಲ್ಮೆಟ್ ಧರಿಸುವವರು ಮತ್ತು ಧರಿಸದವರು ಎಂದು ಎರಡೇ ಪಂಗಡಗಳಾಗಿ ಎಣಿಸುವುದು ಸರ್ಕಾರಿ ಅಂಕಿಅಂಶಗಳಲ್ಲಿ ರೂಢಿಯಾಗಿದ್ದರೂ, ಸಂಖ್ಯೆಯಿಂದಲೂ ಸ್ವಭಾವದ ವೈಚಿತ್ರ್ಯದಿಂದಲೂ ಗಮನಾರ್ಹವಾದ ಮೂರನೆಯ ಪಂಗಡವೊಂದು ಈ ಎಣಿಕೆಯಲ್ಲಿ ತಪ್ಪಿಹೋಗಿದೆ. ಹೆಲ್ಮೆಟ್ಟನ್ನು ದುಡ್ಡು ಕೊಟ್ಟು ಕೊಂಡು, ಮನೆಯಿಂದ ಮರೆಯದೆ ತಂದು, ದಾರಿಯುದ್ದಕ್ಕೂ ಜೋಪಾನ ಮಾಡಿ, ತಲೆಯೊಂದನ್ನು ಬಿಟ್ಟು ಉಳಿದ ಎಲ್ಲೆಡೆಯೂ ಇಟ್ಟುಕೊಳ್ಳುವ ಈ ಸವಾರನನ್ನು ಇಲ್ಲಿ ಶಿರಸ್ತ್ರಾಣವಾಹಕ, ಅಂದರೆ ಹೆಲ್ಮೆಟ್ ಹೊರುವವನು, ಎಂದು ಕರೆಯಲಾಗಿದೆ. ಮೊಣಕೈ, ಪೆಟ್ರೋಲ್ ಟ್ಯಾಂಕಿನ ನೆತ್ತಿ, ಬಲಗಡೆಯ ಕನ್ನಡಿ, ಸ್ಕೂಟರಿನಲ್ಲಿ ಕಾಲಿಡುವ ಜಾಗ ಮತ್ತು ಹಿಂದೆ ಕುಳಿತ ಹೆಂಡತಿಯ ತೊಡೆ ಇವು ಇವನ ಹೆಲ್ಮೆಟ್ಟಿನ ಪಂಚಸ್ಥಾನಗಳಾಗಿದ್ದು, ಅವುಗಳಲ್ಲಿ ಅಗ್ರಪೂಜೆ ಮೊಣಕೈಗೆ ಸಲ್ಲುತ್ತದೆ.

ಈ ಪಂಗಡದ ನಡವಳಿಕೆಯನ್ನು ಅಭ್ಯಾಸ ಮಾಡಬಯಸುವವರಿಗೆ ಜುಲೈ ತಿಂಗಳ ಭಾನುವಾರಗಳಂದು ಪುಣೆಯಿಂದ ಲೋಣಾವಳಾಕ್ಕೆ ಹೋಗುವ ಹಳೆಯ ಹೆದ್ದಾರಿಯಷ್ಟು ಅನುಕೂಲವಾದ ಕ್ಷೇತ್ರ ಸಿಗುವುದು ಕಷ್ಟ. 2002ರಲ್ಲಿ ಪೂರ್ಣಗೊಂಡ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ, ಭೋರ್ ಘಾಟಿನ ಅಂಚಿನಲ್ಲಿ ಕುಳಿತ ಈ ಗಿರಿಧಾಮದ ಮಂಜನ್ನೂ ಭೂಶಿ ಅಣೆಕಟ್ಟಿನ ಮೆಟ್ಟಿಲ ಮೇಲೆ ಉಕ್ಕಿ ಹರಿಯುವ ನೀರನ್ನೂ ನೋಡಹೊರಟ ಬೈಕು, ಸ್ಕೂಟರುಗಳೆಲ್ಲ ದೇಹೂರೋಡ್, ತಳೇಗಾಂವ್, ವಡಗಾಂವ್, ಕಾಮಶೇತ್, ಕಾರ್ಲಾ ಎಂಬ ಕ್ರಮದಲ್ಲಿ ಸುಮಾರು 65 ಕಿಲೋಮೀಟರನ್ನು ಹಳೆಯ ದಾರಿಯಲ್ಲೇ ಕ್ರಮಿಸಬೇಕಾಗುತ್ತದೆ. ಪುಣೆಯ ಶಿರಸ್ತ್ರಾಣವಾಹಕರಲ್ಲಿ ಎಲ್ಲ ಭಾಷೆಯವರೂ ಇದ್ದಾರೆ. ಇಲ್ಲಿ ಮಾದರಿಯಾಗಿ ಎತ್ತಿಕೊಂಡಿರುವುದು ವಿಜಯಪುರ, ಕಲಬುರಗಿಗಳ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಪಿಂಪರಿ–ಚಿಂಚವಾಡದ ಕಾರ್ಖಾನೆಗಳಲ್ಲಿ ನೆಲೆ ಕಂಡು, ಕನ್ನಡವನ್ನು ಮರಾಠಿಯ ರಾಗದಲ್ಲೂ ಮರಾಠಿಯನ್ನು ಕನ್ನಡದ ರಾಗದಲ್ಲೂ ಆಡಬಲ್ಲವನಾದ, ಐವತ್ತರ ಆಸುಪಾಸಿನ ಕನ್ನಡಿಗ ಗೃಹಸ್ಥನನ್ನು.

ಈ ಗೃಹಸ್ಥನಿಗೆ ಸುರಕ್ಷತೆಯ ಅರಿವಿಲ್ಲವೆಂದು ಯಾರಾದರೂ ಭಾವಿಸಿದರೆ ಅದು ಘೋರ ಅನ್ಯಾಯವಾದೀತು. ಕಾರ್ಖಾನೆಯ ಒಳಗೆ ಎಂಟು ಗಂಟೆಯ ಪಾಳಿಯುದ್ದಕ್ಕೂ ಹಳದಿ ಹೆಲ್ಮೆಟ್, ಕಬ್ಬಿಣದ ಮೂತಿಯ ಬೂಟು, ಕಣ್ಣಿಗೆ ಗಾಗಲ್, ಕಿವಿಗೆ ಬೆಣೆ ಎಲ್ಲವನ್ನೂ ಚಕಾರವೆತ್ತದೆ ಧರಿಸಿರುವ ಇವನು, ರಾಷ್ಟ್ರೀಯ ಸುರಕ್ಷತಾ ದಿನವಾದ ಮಾರ್ಚ್ 4ರಂದು ಬಲಗೈ ಮುಂದೆ ಚಾಚಿ ಎಲ್ಲರಿಗಿಂತ ಗಟ್ಟಿಯಾದ ದನಿಯಲ್ಲಿ ಪ್ರತಿಜ್ಞೆ ಸ್ವೀಕರಿಸುತ್ತಾನೆ. ಘೋಷವಾಕ್ಯ ಸ್ಪರ್ಧೆಯಲ್ಲಿ ಬಹುಮಾನವನ್ನೂ ಪಡೆಯುತ್ತಾನೆ. ಆ ಬಹುಮಾನವೇ ಒಂದು ಹೆಲ್ಮೆಟ್ ಆಗಿರುವುದೂ ಉಂಟು. ಪಾಳಿ ಮುಗಿದು ಗೇಟು ದಾಟಿದ ಕೂಡಲೇ ಅದು ಮೊಣಕೈಗೆ ಇಳಿಯುತ್ತದೆ. ಇದರಲ್ಲಿ ಇವನಿಗೆ ಯಾವ ವಿರೋಧಾಭಾಸವೂ ಕಾಣುವುದಿಲ್ಲ, ಏಕೆಂದರೆ ಕಾರ್ಖಾನೆಯಲ್ಲಿ ಹೆಲ್ಮೆಟ್ ಇಲ್ಲದವನನ್ನು ಒಳಗೇ ಬಿಡುವುದಿಲ್ಲ. ರಸ್ತೆಗೋ ಗೇಟೂ ಇಲ್ಲ, ಗೇಟಿನಲ್ಲಿ ಕಾವಲುಗಾರನೂ ಇಲ್ಲ.

ಮೋಟಾರು ವಾಹನ ಕಾಯ್ದೆ, 1988ರ 129ನೆಯ ಕಲಮು ಸವಾರನೂ ಅವನ ಹಿಂದೆ ಕುಳಿತವರೂ ಹೆಲ್ಮೆಟ್ ಧರಿಸಬೇಕೆಂದು ವಿಧಿಸುತ್ತದೆ ಮತ್ತು 2019ರ ತಿದ್ದುಪಡಿಯಿಂದ ಸೇರಿದ 194ಡಿ ಎಂಬ ಕಲಮು ತಪ್ಪಿದವರಿಗೆ 1,000 ರೂಪಾಯಿ ದಂಡವನ್ನೂ ಮೂರು ತಿಂಗಳು ಲೈಸೆನ್ಸಿನ ಅನರ್ಹತೆಯನ್ನೂ ಹೇಳುತ್ತದೆ. ಶಿರಸ್ತ್ರಾಣವಾಹಕನು ಈ ಕಾಯ್ದೆಯನ್ನು ಅದರ ವಿರುದ್ಧ ವಾದಿಸಲು ಬೇಕಾಗುವಷ್ಟು ಮಟ್ಟಿಗೆ ಓದಿಕೊಂಡಿದ್ದಾನೆ. ಪೇಟ ಧರಿಸಿದ ಸಿಖ್ಖರಿಗೆ ಅದೇ ಕಲಮು ವಿನಾಯಿತಿ ನೀಡಿರುವುದನ್ನು ಎತ್ತಿ ತೋರಿಸಿ, ಇಂಡಿ ತಾಲೂಕಿನ ತನ್ನ ಅಜ್ಜ ಸುತ್ತುತ್ತಿದ್ದ ರುಮಾಲು ಯಾವ ಪೇಟಕ್ಕೆ ಕಡಿಮೆಯಿತ್ತು ಎಂದು ಕೇಳುತ್ತಾನೆ. ಅಜ್ಜನ ರುಮಾಲು ಮೊಮ್ಮಗನ ತಲೆಯ ಮೇಲೆ ಇಲ್ಲದಿರುವುದನ್ನು ಮಾತ್ರ ವಾದದೊಳಗೆ ಬರಗೊಡುವುದಿಲ್ಲ. 2019ರ ಜನವರಿಯಲ್ಲಿ ಪುಣೆಯ ಪೊಲೀಸರು ಹೆಲ್ಮೆಟ್ ನಿಯಮವನ್ನು ಬಿಗಿಗೊಳಿಸಿದಾಗ ‘ಹೆಲ್ಮೆಟ್ ಸಕ್ತಿ’ಯ ವಿರುದ್ಧ, ಅಂದರೆ ಹೆಲ್ಮೆಟ್ ಕಡ್ಡಾಯದ ವಿರುದ್ಧ, ನಗರದಲ್ಲಿ ನಡೆದ ಪ್ರತಿಭಟನೆಯನ್ನು ಇವನು ಸ್ವಾತಂತ್ರ್ಯ ಸಂಗ್ರಾಮದ ಉಪಕಥೆಯೆಂಬಂತೆ ನೆನೆಯುತ್ತಾನೆ, ಭಾಗವಹಿಸಿದ್ದಕ್ಕೆ ಸಾಕ್ಷಿಗಳಿಲ್ಲದಿದ್ದರೂ. ಕೂದಲು ಉದುರುತ್ತದೆ ಎಂಬ ಆಕ್ಷೇಪಣೆಯನ್ನು, ಉದುರಲು ಇನ್ನೇನೂ ಉಳಿಯದ ವಯಸ್ಸಿನಲ್ಲೂ, ಕೈಬಿಡುವುದಿಲ್ಲ. ಕತ್ತು ನೋಯುತ್ತದೆ, ಹಾರ್ನು ಕೇಳಿಸುವುದಿಲ್ಲ, ಮೊದಲು ರಸ್ತೆಯ ಗುಂಡಿ ಮುಚ್ಚಲಿ, ಇದೆಲ್ಲ ಹೆಲ್ಮೆಟ್ ಕಂಪನಿಗಳ ಹುನ್ನಾರ ಎಂಬ ಉಳಿದ ನಾಲ್ಕು ಆಕ್ಷೇಪಣೆಗಳಲ್ಲಿ ಗುಂಡಿಯ ವಿಷಯವೊಂದು ನಿಜ. ಆದರೆ ಗುಂಡಿ ಇರುವುದು ಹೆಲ್ಮೆಟ್ ಧರಿಸಲು ಕಾರಣವಾಗಬೇಕೇ ಹೊರತು ಬಿಡಲು ಹೇಗೆ ಕಾರಣವಾದೀತು ಎಂಬುದನ್ನು ಇವನು ಈವರೆಗೆ ವಿವರಿಸಿಲ್ಲ.

ಇವನ ಬತ್ತಳಿಕೆಯ ಬ್ರಹ್ಮಾಸ್ತ್ರವೆಂದರೆ ತಾನು ಮೂವತ್ತರ ಮೇಲೆ ಹೋಗುವುದೇ ಇಲ್ಲವೆಂಬುದು. ನಿಂತಲ್ಲೇ ನಿಂತ ಸ್ಕೂಟರಿನಿಂದ ವಾಲಿ ಬಿದ್ದರೂ, ಒಂದೂವರೆ ಮೀಟರ್ ಎತ್ತರದಿಂದ ಕೆಳಗೆ ಬರುವ ತಲೆ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗ ಪಡೆದಿರುತ್ತದೆ ಎಂಬುದು ಹೈಸ್ಕೂಲಿನ ಲೆಕ್ಕ. ಹೆಲ್ಮೆಟ್ಟಿನ ಹೊರಚಿಪ್ಪಿನ ಒಳಗಿರುವ ಥರ್ಮಾಕೋಲ್ ಜಾತಿಯ ಪದರವು ಆ ಕ್ಷಣದಲ್ಲಿ ತಾನು ನಲುಗಿ, ತಲೆ ನಿಲ್ಲಲು ಬೇಕಾದ ಕೆಲವು ಮಿಲಿಸೆಕೆಂಡುಗಳ ಹೆಚ್ಚುವರಿ ವಾಯಿದೆಯನ್ನು ಮಿದುಳಿಗೆ ಒದಗಿಸುತ್ತದೆ. ಹೆಲ್ಮೆಟ್ಟಿನ ವಿಜ್ಞಾನವೆಲ್ಲ ಬಹುಪಾಲು ಇಷ್ಟೇ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2008ರ ಕಾಕ್ರೇನ್ ವಿಮರ್ಶೆಯು ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಸಾವಿನ ಸಂಭವವನ್ನು ಹೆಲ್ಮೆಟ್ ಶೇಕಡಾ 42ರಷ್ಟೂ ತಲೆಪೆಟ್ಟನ್ನು ಶೇಕಡಾ 69ರಷ್ಟೂ ತಗ್ಗಿಸುತ್ತದೆ ಎಂದು ಅಂದಾಜಿಸಿತು. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಮೊಣಕೈಯಲ್ಲಿ ಹೆಲ್ಮೆಟ್ ಇದ್ದೂ ಸತ್ತವರಿಗೆ ಆ ಕೋಷ್ಟಕದಲ್ಲಿ ಪ್ರತ್ಯೇಕ ಅಂಕಣ ಮಾಡಿಲ್ಲ.

ಹೀಗಿದ್ದರೂ ಇವನನ್ನು ಸ್ವಾತಂತ್ರ್ಯವಾದಿಯೆಂದು ಕರೆಯುವುದು ತಪ್ಪು. ಬ್ರಿಟನ್ 1973ರಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿದಾಗ ಫ್ರೆಡ್ ಹಿಲ್ ಎಂಬ ವೃದ್ಧನು ದಂಡ ಕಟ್ಟಲು ಒಪ್ಪದೆ ಮತ್ತೆ ಮತ್ತೆ ಜೈಲಿಗೆ ಹೋಗಿ, 1984ರಲ್ಲಿ ಶಿಕ್ಷೆ ಅನುಭವಿಸುತ್ತಿರುವಾಗಲೇ ಸತ್ತನು. ಅವನ ತರ್ಕ ಒಪ್ಪದವರೂ ಅವನ ನಿಷ್ಠೆಗೆ ತಲೆಬಾಗಬೇಕು. ಶಿರಸ್ತ್ರಾಣವಾಹಕನು ದಂಡದ ವಿಷಯದಲ್ಲಿ ಚೌಕಾಸಿ ಮಾಡುತ್ತಾನೆಯೇ ಹೊರತು ಜೈಲಿನ ಮಾತು ಎತ್ತುವುದಿಲ್ಲ. ಇವನ ನಿಜವಾದ ತೊಡಕು ಬೇರೆ. ಕಟ್ಟೆಯ ಮೇಲೆ ಕುಳಿತ ನೆರೆಹೊರೆಯವರ ಎದುರು, ಯಾರೂ ಹೇಳದೆ ತಾನಾಗಿ ಹೆಲ್ಮೆಟ್ ಹಾಕಿಕೊಂಡು ಹೊರಟರೆ ಪುಕ್ಕಲನೆಂಬ ಹೆಸರು ಬಂದೀತೆಂಬ ಅಳುಕು. ಪೊಲೀಸರ ಕಾಟಕ್ಕೆ ಹಾಕಿಕೊಂಡೆನೆಂದರೆ ಮಾನ ಉಳಿಯುತ್ತದೆ. ಕಡ್ಡಾಯದ ನಿಯಮವನ್ನು ಬಾಯಿತುಂಬ ಬೈಯುವ ಈತನಿಗೇ ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿದೆ, ಏಕೆಂದರೆ ಹೆದರಿಕೆಯನ್ನು ಒಪ್ಪಿಕೊಳ್ಳದೆಯೇ ತಲೆ ಉಳಿಸಿಕೊಳ್ಳಲು ಅದು ಕೊಡುವಷ್ಟು ಗೌರವದ ನೆಪವನ್ನು ಬೇರಾವುದೂ ಕೊಡಲಾರದು.

ಪ್ರಯಾಣದ ವೇಳೆ ಇವನ ಅಪಾಯದ ಭೂಗೋಳವು ಸ್ಪಷ್ಟವಾಗಿ ಗೋಚರಿಸುತ್ತದೆ. ತಿರುವು, ಇಳಿಜಾರು, ಎದುರಿನಿಂದ ದೀಪ ಹಾಕಿಕೊಂಡು ನುಗ್ಗುವ ಎಸ್.ಟಿ. ಬಸ್ಸು ಇವು ಆ ನಕ್ಷೆಯಲ್ಲಿ ಇಲ್ಲ. ಅಲ್ಲಿ ಗುರುತಾಗಿರುವುದು ಪೊಲೀಸರು ನಿಲ್ಲುವ ಚೌಕಗಳು ಮಾತ್ರ. ಹಿಂದಿನ ಸೀಟಿನಿಂದ ಹೆಂಡತಿ, “ಅಲ್ರೀ, ಮೊಣಕೈ ಏನ್ ಮಿದುಳಿನ ಡಬ್ಬಿ ಏನ್ರಿ? ತಲಿಗಿ ಹಾಕ್ಕೋರಿ” ಎಂದರೆ, “ತಳೇಗಾಂವ್ ತನಾ ಯಾರೂ ಹಿಡಿಯಂಗಿಲ್ಲ, ಸುಮ್ನ ಕೂಡು” ಎಂಬ ಉತ್ತರ ಬರುತ್ತದೆ. 1779ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮರಾಠರಿಗೆ ಶರಣಾಗಿ ಒಪ್ಪಂದಕ್ಕೆ ಸಹಿ ಹಾಕಿದ ವಡಗಾಂವ್ ಬಂದಾಗ ಆ ಇತಿಹಾಸವನ್ನು ಹೆಂಡತಿಗೆ ವಿವರಿಸುತ್ತಿರುವಾಗಲೇ ಮುಂದೆ ನಾಕಾಬಂದಿ ಕಂಡರೆ, ಇವನ ಶರಣಾಗತಿ ಕಂಪನಿಯದಕ್ಕಿಂತ ಬೇಗ ಮುಗಿಯುತ್ತದೆ: ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಹೆಲ್ಮೆಟ್, ಓಡುತ್ತಿರುವ ಸ್ಕೂಟರಿನ ಮೇಲೆಯೇ ಕಿರೀಟಧಾರಣೆ. ಈ ದಾರಿಯಲ್ಲಿ ಇವನು ಮಾಡುವ ಅತ್ಯಂತ ಅಪಾಯಕಾರಿ ಕೆಲಸ ಇದೇ. ಕೈ ತಡವಾದ ದಿನ “ಕಾಕಾ, ಹೆಲ್ಮೆಟ್ ಕುಠೆ ಆಹೆ?” ಎಂದು ಪೊಲೀಸನು ಮರಾಠಿಯಲ್ಲಿ ಕೇಳುತ್ತಾನೆ. ಹೆಲ್ಮೆಟ್ ಎಲ್ಲಿದೆ ಎಂಬ ಆ ಪ್ರಶ್ನೆಗೆ “ಹೇ ಕಾಯ್, ಸಾಹೇಬ!” ಎಂದು, ಇಗೋ ಇಲ್ಲೇ ಇದೆಯಲ್ಲ ಎಂಬ ಅರ್ಥದಲ್ಲಿ, ಮೊಣಕೈ ಎತ್ತಿ ತೋರಿಸುವಾಗ ಇವನ ಮುಖದಲ್ಲಿ ಪ್ರಾಮಾಣಿಕ ಅಚ್ಚರಿ ಇರುತ್ತದೆ. ಎದುರಿಗೆ ‘ಸಾಹೇಬ’ನಾದ ಆ ಪೊಲೀಸನು ನೂರು ಮಾರು ದಾಟಿದ ಮೇಲೆ, ಪುಣೆಯ ವಾಡಿಕೆಯಂತೆ, ‘ಮಾಮಾ’ ಆಗುತ್ತಾನೆ.

ಇದೇ ಹೆದ್ದಾರಿಯಲ್ಲಿ ಇವನ ತದ್ವಿರುದ್ಧ ಜೀವಿಯೂ ಸಂಚರಿಸುತ್ತದೆ. ಭುಜ, ಬೆನ್ನು, ಮೊಣಕೈಗಳಿಗೆಲ್ಲ ಫಲಕ ಹೊಲಿಸಿದ ಜಾಕೆಟ್ಟು, ಬೆರಳ ಗೆಣ್ಣುಗಳಿಗೆ ಗಡುಸು ಕವಚವಿರುವ ಗವಸು, ಮೊಳಕಾಲುದ್ದದ ಬೂಟು, ಹೆಲ್ಮೆಟ್ಟಿನ ಗಲ್ಲಕ್ಕೆ ಕ್ಯಾಮೆರಾ ತೊಟ್ಟ ಆ ತರುಣನು ಲೋಣಾವಳಾದ ಹತ್ತಿರದ ಟೈಗರ್ ಪಾಯಿಂಟಿನಲ್ಲಿ ಭುಟ್ಟಾ ತಿನ್ನಲು ನಿಂತಾಗ, ನಮ್ಮ ಗೃಹಸ್ಥನು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಬ್ಯಾಟಿಂಗಿಗೆ ಇಳಿಯುವವನಿರಬೇಕು ಎನ್ನುತ್ತಾನೆ. ನಮ್ಮ ಕಾಯ್ದೆ ಕೇಳುವುದು ತಲೆಯ ರಕ್ಷಣೆಯನ್ನಷ್ಟೇ. ಫ್ರಾನ್ಸಿನಲ್ಲಿ 2016ರಿಂದ ಗವಸು ಸಹ ಕಡ್ಡಾಯವೆಂದು ಆ ತರುಣ ತಿಳಿಸಿದರೆ, ಇನ್ನು ಲಂಗೋಟಿಗೂ ಐಎಸ್‌ಐ ಗುರುತು ಬಂದೀತು ಎಂದು ಇವನು ನಗುತ್ತಾನೆ. ಇಷ್ಟಾಗಿ ಆ ಕವಚಧಾರಿಯೂ ಸಂಪೂರ್ಣ ನಿರ್ದೋಷಿಯಲ್ಲ, ಏಕೆಂದರೆ ಹಿಂದೆ ಕುಳಿತ ಗೆಳತಿಯ ತಲೆಯ ಮೇಲೆ ಬರೀ ಓಢಣಿ ಇರುವುದು ಅಪರೂಪವೇನಲ್ಲ.

ಕಾಯ್ದೆ, ದಂಡ, ಅಂಕಿಅಂಶ, ಹೆಂಡತಿ ಇವರೆಲ್ಲ ಸೋತ ಕಾರ್ಯವನ್ನು ಲೋಣಾವಳಾದ ಮಳೆ ಕ್ಷಣಮಾತ್ರದಲ್ಲಿ ಸಾಧಿಸುತ್ತದೆ. ತಲೆ ನೆನೆದರೆ ನೆಗಡಿ, ನೆಗಡಿಯಿಂದ ಕಫ, ಕಫದಿಂದ ಜ್ವರ ಎಂಬ ಕಾರ್ಯಕಾರಣ ಸರಣಿಯಲ್ಲಿ ಇವನ ನಂಬಿಕೆ ಅಚಲವಾದುದು. ಕಾರ್ಲಾ ದಾಟಿ ಮೊದಲ ನಾಲ್ಕು ಹನಿ ನೆತ್ತಿಗೆ ಬಿದ್ದದ್ದೇ ತಡ, ಸ್ಕೂಟರು ಬದಿಗೆ ನಿಂತು ಹೆಲ್ಮೆಟ್ ತನ್ನ ಸಹಜ ಸ್ಥಾನವನ್ನು ಸೇರುತ್ತದೆ. ಡಾಂಬರಿನಿಂದ ತಲೆಗೆ ಆಗಬಹುದಾದುದು ಇವನಿಗೆ ದೈವಾಧೀನ, ನೀರಿನಿಂದ ಆಗುವುದು ಸ್ವಯಂಕೃತಾಪರಾಧ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಇಳಿದಂತೆ ಮಳೆ ಸರಸರನೆ ಕುಗ್ಗಿ, ಪುಣೆಯ ಹೊತ್ತಿಗೆ ಏಳುನೂರು ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಮೋಡಗಳು ಬೆಟ್ಟದ ಪಡುಬದಿಯಲ್ಲೇ ಬಹುಪಾಲು ಬರಿದಾಗಿ ಮೂಡಣಕ್ಕೆ ಹೆಚ್ಚೇನೂ ಉಳಿಯದ ಇಂಥ ಸೀಮೆಯನ್ನು ಭೂಗೋಳಶಾಸ್ತ್ರದಲ್ಲಿ ಮಳೆನೆರಳಿನ ಪ್ರದೇಶ ಎನ್ನುತ್ತಾರೆ. ಅದು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಹಿಂದಿರುಗುವ ಶಿರಸ್ತ್ರಾಣವಾಹಕರು ಹೆಲ್ಮೆಟ್ ಕಳಚುವ ಜಾಗ ನೋಡಿ, ಮಳೆಮಾಪಕವಿಲ್ಲದೆಯೇ ಗುರುತಿಸಬಹುದು.

ಕಳಚಿದ ಮೇಲೆ ಅದು ಮೊಣಕೈಗೆ ಹೋಗುವುದಿಲ್ಲ. ಲೋಣಾವಳಾದಿಂದ ಚಿಕ್ಕಿ ಇಲ್ಲದೆ ಬರುವುದು ಶಕ್ಯವಿಲ್ಲ. ಶೇಂಗಾದ್ದು ಎರಡು, ಎಳ್ಳಿನದು ಒಂದು, ಕಾರ್ಖಾನೆಯ ಸಾಹೇಬರಿಗೆಂದು ಗೋಡಂಬಿಯದು ಒಂದು ಪೊಟ್ಟಣ ಹೆಂಡತಿಯ ಕೈಚೀಲದಲ್ಲಿ ಇರುತ್ತವೆ, ಮತ್ತು ಗುಂಡಿಗೆ ಸ್ಕೂಟರು ಕುಕ್ಕಿದರೆ ಚಿಕ್ಕಿ ಪುಡಿಯಾಗುವುದು ಇವನಿಗೆ ಅನುಭವದಿಂದ ಗೊತ್ತು. ಆದ್ದರಿಂದ ಕಾಮಶೇತಿನ ಬಳಿ ಗಾಡಿ ನಿಲ್ಲಿಸಿ, ಹೆಲ್ಮೆಟ್ಟಿನ ಒಳಗಿನ ನೀರನ್ನು ಕರವಸ್ತ್ರದಿಂದ ಒರೆಸಿ, ಪೊಟ್ಟಣಗಳನ್ನು ಒಂದರ ಮೇಲೊಂದು ಅದರಲ್ಲಿ ಜೋಡಿಸಿ, ಅಲುಗದಂತೆ ಗಲ್ಲದ ಪಟ್ಟಿಯನ್ನು ಎಳೆದು, ಕೊಂಡಂದಿನಿಂದ ಒಮ್ಮೆಯೂ ಹಾಕದ ಬಕಲನ್ನು ಟಕ್ಕನೆ ಹಾಕಿ, ಹೆಂಡತಿಯ ತೊಡೆಯ ಮೇಲಿಟ್ಟು, “ಗಟ್ಟಿ ಹಿಡ್ಕೋ, ಒಳಗ ನಾಜೂಕ್ ಮಾಲ್ ಐತಿ” ಎನ್ನುತ್ತಾನೆ.