ಕಾವಿಗೆ ಕೂತ ವಾರ

(ಎಚ್.ಡಿ. ಕೋಟೆ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆ. ಮಕ್ಕಳು 14, ಮೇಷ್ಟ್ರು ಒಬ್ಬರೇ. ಶನಿವಾರ ಬೆಳಿಗ್ಗೆ. ಅಡುಗೆಮನೆ ಬಾಗಿಲಲ್ಲಿ ಗೌರಕ್ಕ, ಕೈಯಲ್ಲಿ ಸೌಟು.)

ಗೌರಕ್ಕ: ಮೇಷ್ಟ್ರೇ, ನಿಮ್ಮ ಈ ವಾರ ಇವತ್ತಿಗೆ ಮುಗೀತದಾ?

ಮೇಷ್ಟ್ರು: ಮುಗಿಯುತ್ತೆ ಗೌರಕ್ಕ. ಯಾಕೆ?

ಗೌರಕ್ಕ: ಅದನ್ನ ನನ್ನ ಕೋಳಿಗೆ ಯಾರು ಹೇಳ್ತಾರೆ? ಅದು ಏಳೋದಕ್ಕೆ 21 ದಿನ ಆಗ್ಬೇಕು.

ಮೇಷ್ಟ್ರು: ಕೋಳಿಗೂ ನಮಗೂ ಏನು ಸಂಬಂಧ?

ಗೌರಕ್ಕ: ಸೋಮವಾರ ಏನಂದ್ರಿ? ಪುಸ್ತಕ ಮುಚ್ಚಿಡಿ, ಯಾರಿಗೇನು ಬೇಕೋ ಅದನ್ನ ಕಲೀರಿ ಅಂದ್ರಿ. ಮಂಜ ಸೀದಾ ನಮ್ಮನೆಗೆ ಬಂದ. ಸ್ಕೂಲ್ ಮೊಟ್ಟೇಲೂ ಮರಿ ಬತ್ತದಾ ನೋಡ್ಬೇಕಂತೆ. ಅವತ್ತೇ ಹೇಂಟೆನ ಕಾವಿಗೆ ಕೂರಿಸಿದ್ದೆ, ಮಂಕರೀಲಿ ಏಳು ನಾಟಿ ಮೊಟ್ಟೆ. ಅದರ ಸಂದೀಲಿ ತನ್ನ ಪಾಲಿಂದೂ ತುರುಕಿ, ಪೆನ್ಸಿಲಲ್ಲಿ ಹಾಜರಿ ನಂಬರ್ ಬರೆದವ್ನೆ.

ಮೇಷ್ಟ್ರು: ಬೇಯಿಸಿದ್ದಾ?

ಗೌರಕ್ಕ: ಅವನದು ಹಸೀದು, ಒಲೆಗಿಡೋ ಮುಂಚೆನೇ ಈಸ್ಕೊಂಡ. ಅವನ ತಂಗಿ ಇಟ್ಟಿರೋದು ಬೇಯಿಸಿದ್ದು. ಅರ್ಧ ಕಾವು ನೀನೇ ಕೊಟ್ಟಿದ್ದೀಯಲ್ಲಕ್ಕ, ಕೋಳಿಗೆ ಕೆಲಸ ಕಮ್ಮಿ ಅಂತಾಳೆ.

ಮೇಷ್ಟ್ರು: ನೀವೇನಂದ್ರಿ?

ಗೌರಕ್ಕ: ಏನನ್ನಲಿ? ಏನೂ ಹೇಳ್ಬೇಡಿ, ಅವರೇ ಕಂಡ್ಕೊಳ್ಳಲಿ ಅಂತ ನನ್ನ ಬಾಯಿಗೆ ಬೀಗ ಜಡಿದ್ರಲ್ಲ. ಆರು ದಿನ! ಮದುವೆಯಾದ ಹೊಸದ್ರಲ್ಲೂ ನಾನು ಇಷ್ಟು ಸುಮ್ನಿರಲಿಲ್ಲ.

ಮೇಷ್ಟ್ರು: ನನ್ನ ಪಾಡು ಕೇಳಿ. ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೀತಿದ್ದೋನು, ಕೋಲು ವಾಲಿದ್ದೇ ನೋಡಿಲ್ಲ. ಗಂಟೆಗಟ್ಟಲೆ ಗೀಟು ಎಳೆದ. ನಾನು ಒಳಗೆ ಹೋಗಿ ಮೂರು ಸೀಮೆಸುಣ್ಣ ಮುರಿದೆ.

ಗೌರಕ್ಕ: ಇದನ್ನೆಲ್ಲ ಮಾಡಿ ಅಂದೋರು ಯಾರು?

ಮೇಷ್ಟ್ರು: ಯಾರೂ ಅಂದಿಲ್ಲ. 2020ರ ಶಿಕ್ಷಣ ನೀತೀಲಿ ಬ್ಯಾಗಿಲ್ಲದ 10 ದಿನ ಇರೋದು ಆರರಿಂದ ಎಂಟನೇ ಕ್ಲಾಸಿಗೆ. ನಮ್ಮಲ್ಲಿರೋದೇ ಐದು. ನಲಿ-ಕಲಿ ಪದ್ಧತಿ ಹುಟ್ಟಿದ್ದು ಇದೇ ತಾಲ್ಲೂಕಲ್ಲಿ, 1995ರಲ್ಲಿ. ಅದರ ಗಾಳಿ ನಂಗೂ ಬಡಿದಿರಬೇಕು.

ಗೌರಕ್ಕ: ಗಾಳಿ ಬಡಿದ್ರೆ ಬೇವಿನ ಸೊಪ್ಪಲ್ಲಿ ಇಳಿಸ್ತಾರೆ. ಆ ನಾಲ್ಕನೇ ಕ್ಲಾಸಿನ ಹುಡುಗಿ ತಕ್ಕಡಿ ತಂದು ನನ್ನ ಪಾವನ್ನೇ ತೂಗಿದ್ಳು. ತಲೆಗೆ 100 ಗ್ರಾಂ ಅಕ್ಕಿ, 14 ಜನಕ್ಕೆ 1 ಕೆಜಿ 400. ನೀನು 250 ಜಾಸ್ತಿ ಹಾಕಿದ್ದೀಯ, ಅದು ಯಾರ ಹೊಟ್ಟೆಗೆ ಅಂದ್ಳು.

ಮೇಷ್ಟ್ರು: ಹೇಳ್ಬಿಟ್ರಾ?

ಗೌರಕ್ಕ: ಇಲ್ಲಪ್ಪ. ಮಧ್ಯಾಹ್ನ ನೀವು ತಟ್ಟೆ ಹಿಡ್ಕೊಂಡು ಬಂದ್ರಲ್ಲ, ಅವಳೇ ಕಂಡ್ಕೊಂಡಳು.

(ಮಂಜ ಮಂಕರಿ ಹೊತ್ತು ಬರುತ್ತಾನೆ. ಹಿಂದೆಯೇ ಕೊಕ್ಕೊಕ್ಕೋ ಅಂತ ಬೈಯುತ್ತಾ ಹೇಂಟೆ.)

ಮಂಜ: ಸಾರ್, ಮೊಬೈಲ್ ಟಾರ್ಚ್ ಹಾಕಿ. ಅಕ್ಕ, ಕಿಟಕಿ ಮುಚ್ಚು.

(ಕತ್ತಲೆ. ಉಂಗುರದಂತೆ ಮಡಿಸಿದ ಬೆರಳುಗಳ ಸಂದಿಯಲ್ಲಿ ನಾಟಿ ಮೊಟ್ಟೆ ಕೆಂಡದ ಹಾಗೆ ಹೊಳೆಯುತ್ತದೆ. ಒಳಗೆ ಕೆಂಪು ನೂಲಿನ ಜೇಡರ ಬಲೆ, ನಡುವೆ ಒಂದು ಕಪ್ಪು ಚುಕ್ಕಿ. ಚುಕ್ಕಿ ಅಲ್ಲಾಡುತ್ತದೆ. ಮೂವರೂ ಉಸಿರು ಬಿಡುವುದಿಲ್ಲ.)

ಮಂಜ: ಈಗ ನಂದು. ಬರೀ ಹಳದಿ ಸಾರ್, ಏನೂ ಇಲ್ಲ. ತಂಗೀದು ನಾರ್ತಿದೆ.

ಮೇಷ್ಟ್ರು: ಯಾಕೆ ಹಾಗಾಯ್ತು, ಯೋಚನೆ ಮಾಡು.

ಮಂಜ: ಮಾಡ್ದೆ. ಸ್ಕೂಲ್ ಮೊಟ್ಟೆ ಫಾರಮ್ಮಿಂದು. ಮಾವನ ಫಾರಮ್ಮಲ್ಲಿ ನೋಡಿದೀನಿ, ಬರೀ ಹೇಂಟೆ ಸಾರ್, ಒಂದು ಹುಂಜನೂ ಇಲ್ಲ. ಗೌರಕ್ಕನ ಮನೇಲಿ ಇದೆ. ಹುಂಜ ಏನು ಮಾಡುತ್ತೆ ಸಾರ್?

ಮೇಷ್ಟ್ರು: ಹುಂಜ... ಬೆಳಿಗ್ಗೆ ಕೂಗುತ್ತೆ.

ಮಂಜ: ಕೂಗಿದ್ರೆ ಮರಿ ಆಗುತ್ತಾ?

ಮೇಷ್ಟ್ರು: ಗೌರಕ್ಕಾ!

ಗೌರಕ್ಕ: (ಸೌಟಿನಿಂದ ಬಾಯಿ ಮುಚ್ಚಿಕೊಂಡು) ನಾನು ಮಾತಾಡಲ್ಲಪ್ಪ. ಅವರೇ ಕಂಡ್ಕೊಳ್ಳಲಿ.

ಮಂಜ: ಹಂಗಾದ್ರೆ ಸೋಮವಾರ ಹುಂಜ ಕೂಗೋದನ್ನ ನಿಮ್ಮ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಫಾರಂ ಮೊಟ್ಟೆಗೆ ಕೇಳಿಸ್ತೀನಿ.

ಮೇಷ್ಟ್ರು: ವಾರ ಮುಗೀತು ಕಣೋ!

ಮಂಜ: ನಿಮ್ಮದು ಸಾರ್. ಕೋಳೀದು ಇನ್ನೂ 16 ದಿನ ಇದೆ.